ಅಪ್ಪನಿಗೆ ಸ್ಟೆಂಟ್ ಆಗಿದೆ, ಮೀನು ಬಿಡಿಸಬೇಕಾ?

ಕೋಡಿ ಹುಡುಗ · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪನಿಗೆ 64. ನಮ್ಮ ಮನೆ ಕುಂದಾಪುರದ ಹತ್ತಿರ. ಹೋದ ತಿಂಗಳು ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದೆವು, ಎರಡು ಸ್ಟೆಂಟ್ ಹಾಕಿದರು. ಈಗ ಆರಾಮಾಗಿದ್ದಾರೆ. ಮಾತ್ರೆ ತಪ್ಪಿಸುವುದಿಲ್ಲ, ಬೀಡಿ ಬಿಟ್ಟಿದ್ದಾರೆ. ಗಲಾಟೆ ಇರುವುದು ಊಟದ್ದು.

ಡಿಸ್ಚಾರ್ಜ್ ದಿನ ಡಾಕ್ಟರು ಮೀನು ತಿನ್ನಿ, ಒಳ್ಳೆಯದು ಅಂದರು. ಅವತ್ತೇ ಕೈಗೆ ಕೊಟ್ಟ ಹಾಳೆಯಲ್ಲಿ ಮಾಂಸಾಹಾರ ಬೇಡ ಅಂತ ಅಚ್ಚಾಗಿದೆ. ದೊಡ್ಡಮ್ಮನ ಪ್ರಕಾರ ಮೀನು ನಂಜು, ಆಪರೇಷನ್ ಆದವರು ಆರು ತಿಂಗಳು ಮುಟ್ಟಬಾರದು. ತಂಗಿ ಇಂಟರ್ನೆಟ್‌ನಲ್ಲಿ ನೋಡಿ, ಮ್ಯಾಕೆರೆಲ್‌ನಲ್ಲಿ ಪಾದರಸ ಇದೆ, ಬಂಗುಡೆ ಬಂದ್ ಅಂದಳು. ಭಾವ ದುಬೈನಿಂದ ಮೀನೆಣ್ಣೆ ಕ್ಯಾಪ್ಸೂಲಿನ ದೊಡ್ಡ ಡಬ್ಬಿ ಕಳಿಸಿದ್ದಾರೆ. ಮೀನಿನ ಬದಲು ಇದನ್ನೇ ಕೊಡಿ ಅಂತ.

ಈ ನಾಲ್ಕು ಜನರ ಮಧ್ಯೆ ಅಮ್ಮ ಹೆಸರುಕಾಳಿನ ಸಾರು ಮಾಡುತ್ತಿದ್ದಾರೆ. ನಿನ್ನೆ ಅಪ್ಪ ಬಟ್ಟಲು ದೂರ ತಳ್ಳಿ, ಕುಚ್ಚಲಕ್ಕಿ ಗಂಜಿಗೆ ಬರೀ ಉಪ್ಪಿನಕಾಯಿ ಹಾಕಿಕೊಂಡು ಉಂಡರು. ಅದರಲ್ಲಿರುವ ಉಪ್ಪು ಯಾರ ಲೆಕ್ಕಕ್ಕೂ ಬರಲಿಲ್ಲ ನೋಡಿ! ಮೂರು ಕೆ.ಜಿ. ಇಳಿದಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ಗಂಗೊಳ್ಳಿ ಗೆಳೆಯ · ರಾತ್ರಿ 9:58

ನಮ್ಮಪ್ಪನಿಗೆ ಬೈಪಾಸ್ ಆಗಿ ಎಂಟು ವರ್ಷ ಆಯಿತು ಮಾರಾಯ್ರೆ. ಮೀನು ಬಿಟ್ಟಿಲ್ಲ. ಫ್ರೈ ಬಿಟ್ಟರು. ಅಷ್ಟೇ.

ಸೀರಂ ಅಕ್ಕ · ರಾತ್ರಿ 10:45

ನಾನು ಡಾಕ್ಟರ್ ಅಲ್ಲ, ಹೃದಯ ವಿಭಾಗದಲ್ಲಿ ಆಹಾರ ಸಲಹೆ ಕೊಡುವ ಕೆಲಸದಲ್ಲಿ ಹನ್ನೊಂದು ವರ್ಷ ಇದ್ದೇನೆ. ನಿಮ್ಮ ತಂದೆಯ ಕಿಡ್ನಿ, ಸಕ್ಕರೆ, ಯೂರಿಕ್ ಆಸಿಡ್ ರಿಪೋರ್ಟ್ ನಾನು ನೋಡಿಲ್ಲ. ಅದನ್ನು ನೋಡಿದ ಡಾಕ್ಟರ ಮಾತೇ ಕೊನೆ ಮಾತು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದಿ.

ಆ ಅಚ್ಚಾದ ಹಾಳೆ ಎಲ್ಲರಿಗೂ ಒಂದೇ. ಚಿತ್ರದುರ್ಗದವರಿಗೂ ಅದೇ, ಕುಂದಾಪುರದವರಿಗೂ ಅದೇ. ಮಟನ್, ಕೋಳಿ, ಮೀನು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಬೇಡ ಅನ್ನುತ್ತದೆ. ನಿಮ್ಮ ಡಾಕ್ಟರು ಬಾಯಲ್ಲಿ ಹೇಳಿದ್ದೇ ಸರಿ.

ಮೀನು ಹೃದಯಕ್ಕೆ ಒಳ್ಳೆಯದು ಅನ್ನುವ ಮಾತು ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ಯಾಕಂದರೆ ಅಲ್ಲೇ ಸ್ವಲ್ಪ ಎಡವಟ್ಟೂ ಇದೆ. 1970ರ ದಶಕದಲ್ಲಿ ಡೆನ್ಮಾರ್ಕಿನ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಅನ್ನುವವರು ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರ ರಕ್ತ ಪರೀಕ್ಷೆ ಮಾಡಿದರು. ಸೀಲ್, ತಿಮಿಂಗಿಲ, ಮೀನು ತಿಂದೇ ಬದುಕುವ ಜನ, ಆದರೂ ಹೃದಯದ ಕಾಯಿಲೆ ಕಡಿಮೆ, ಅವುಗಳಲ್ಲಿರುವ ಒಮೆಗಾ-3 ಅನ್ನುವ ಕೊಬ್ಬೇ ಇದಕ್ಕೆ ಕಾರಣ ಇರಬೇಕು ಅಂದರು. ಕ್ಯಾಪ್ಸೂಲಿನ ವ್ಯಾಪಾರ ಬೆಳೆದದ್ದು ಈ ಕಥೆಯ ಮೇಲೆ. ಆದರೆ 2014ರಲ್ಲಿ ಕೆನಡಾದವರು ಹಳೆಯ ದಾಖಲೆಗಳನ್ನು ಮತ್ತೆ ತೆಗೆದು ನೋಡಿದಾಗ, ಅಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು ಅನ್ನುವುದಕ್ಕೇ ಗಟ್ಟಿ ಆಧಾರ ಸಿಗಲಿಲ್ಲ.

ಹಾಗಂತ ಎಲ್ಲಾ ಸುಳ್ಳು ಅಂತಲ್ಲ. 1989ರಲ್ಲಿ ಬ್ರಿಟನ್ನಿನ ವೇಲ್ಸ್‌ನಿಂದ ಒಂದು ಪ್ರಯೋಗದ ಫಲಿತಾಂಶ ಬಂತು. ಆಗಷ್ಟೇ ಹೃದಯಾಘಾತ ಆಗಿದ್ದ 2,033 ಗಂಡಸರು. ಅವರಲ್ಲಿ ಒಂದು ಭಾಗದವರಿಗೆ ವಾರಕ್ಕೆ ಎರಡು ಸಲವಾದರೂ ಕೊಬ್ಬಿರುವ ಮೀನು ತಿನ್ನಿ ಅಂದರು. ಎರಡು ವರ್ಷದಲ್ಲಿ ಅವರ ಗುಂಪಿನಲ್ಲಿ ಸಾವು ಶೇ. 29ರಷ್ಟು ಕಡಿಮೆ. ನಿಮ್ಮಪ್ಪನ ತರಹದವರೇ ಅವರು. ಎಲ್ಲರಿಗೂ ಸಂತೋಷವಾಯಿತು. ಆಮೇಲೆ 2003ರಲ್ಲಿ ಅದೇ ತಂಡ ಆಂಜೈನಾ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು ಇರುವ 3,114 ಗಂಡಸರ ಮೇಲೆ ಇಂಥದ್ದೇ ಪ್ರಯೋಗ ಮಾಡಿತು. ಲಾಭ ಸಿಗಲಿಲ್ಲ. ಬದಲಿಗೆ ಮೀನೆಣ್ಣೆ ಕ್ಯಾಪ್ಸೂಲ್ ತೆಗೆದುಕೊಂಡವರಲ್ಲಿ ಹೃದಯದ ಸಾವು ಹೆಚ್ಚಾಗಿ ಕಂಡಿತು. ಯಾಕೆ ಹೀಗಾಯಿತು ಅಂತ ಇವತ್ತಿಗೂ ಜಗಳ ಇದೆ.

ನಮ್ಮ ದೇಶದವರೂ ಸೇರಿದ್ದ ಲೆಕ್ಕ ಒಂದಿದೆ. 2021ರಲ್ಲಿ ಬಂದದ್ದು, 58 ದೇಶಗಳ 1,91,558 ಜನ. ಆಗಲೇ ಹೃದಯ, ರಕ್ತನಾಳದ ಕಾಯಿಲೆ ಇದ್ದವರು ವಾರಕ್ಕೆ 175 ಗ್ರಾಂ, ಅಂದರೆ ಎರಡು ಸಲ ಮೀನು ತಿಂದಿದ್ದರೆ ಅಪಾಯ ಕಡಿಮೆ ಕಂಡಿತು. ಕಾಯಿಲೆ ಇಲ್ಲದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದು ಜನರನ್ನು ಗಮನಿಸಿ ಮಾಡಿದ ಅಧ್ಯಯನ, ಪ್ರಯೋಗ ಅಲ್ಲ. ಆದರೂ ಕಾಯಿಲೆ ಬಂದಾಯಿತು, ಈಗ ಮೀನು ಬಿಡಬೇಕು ಅನ್ನುವ ಮಾತಿಗೆ ಇದು ಪೂರಾ ಉಲ್ಟಾ ಅಲ್ವಾ?

ನನ್ನ ಅಭಿಪ್ರಾಯ ಕೇಳಿದರೆ, ವಾರಕ್ಕೆ ಎರಡು-ಮೂರು ದಿನ ಸಾರಿನ ಮೀನು ಕೊಡಿ. ಮೀನು ಔಷಧಿ ಅಲ್ಲ. ಕೊಲೆಸ್ಟ್ರಾಲ್ ಮಾತ್ರೆಯ ಜಾಗ ಅದು ತುಂಬುವುದಿಲ್ಲ. ಆದರೆ ಮಟನ್, ಮೊಟ್ಟೆ ಬೋಂಡಾ, ಬೇಕರಿ ಪಫ್ ಇವುಗಳ ಜಾಗಕ್ಕೆ ಮೀನು ಬಂದರೆ ಅದೇ ದೊಡ್ಡ ಲಾಭ.

ತಂಗಿ ಪರವಾಗಿ ಒಬ್ಬಳು · ರಾತ್ರಿ 11:10

ಪಾದರಸದ ಬಗ್ಗೆ ಯಾರೂ ಮಾತಾಡಲೇ ಇಲ್ಲ! ಅಮೆರಿಕದ ಸರ್ಕಾರವೇ ಕಿಂಗ್ ಮ್ಯಾಕೆರೆಲ್ ತಿನ್ನಬೇಡಿ ಅನ್ನುತ್ತದೆ. ಇವರ ತಂಗಿ ಹೇಳಿದ್ದು ಸುಮ್ನೆ ಅಲ್ಲ.

ದಕ್ಕೆ ಮೇಷ್ಟ್ರು · ಸೋಮವಾರ, ಬೆಳಿಗ್ಗೆ 6:20

ತಂಗಿ ಪರವಾಗಿ ಬಂದವರೇ, ನಿಮ್ಮ ಕಾಳಜಿ ಸರಿ, ಮೀನು ತಪ್ಪು.

ನಾನು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು, ಈಗ ನಿವೃತ್ತ. ಈ ಮ್ಯಾಕೆರೆಲ್ ಗೊಂದಲವನ್ನು ಸರಿಮಾಡಿ ಮಾಡಿ ಸಾಕಾಗಿದೆ. ಅಮೆರಿಕದ ಪಟ್ಟಿಯಲ್ಲಿರುವ ಕಿಂಗ್ ಮ್ಯಾಕೆರೆಲ್ ಅಟ್ಲಾಂಟಿಕ್ ಸಮುದ್ರದ ದೊಡ್ಡ ಬೇಟೆ ಮೀನು. ನಮ್ಮ ಬಂಗುಡೆ ಇಂಡಿಯನ್ ಮ್ಯಾಕೆರೆಲ್. ಗೇಣುದ್ದದ ಮೀನು, ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿಂದು ಬದುಕುವುದು. ದೂರದ ನೆಂಟಸ್ತಿಕೆ, ಅಷ್ಟೇ.

ಪಾದರಸ ಮೀನಿಗೆ ಏರುವುದು ಹೀಗೆ. ನೀರಿನಲ್ಲಿರುವ ಪಾದರಸವನ್ನು ಬ್ಯಾಕ್ಟೀರಿಯಾಗಳು ಮೀಥೈಲ್ ಪಾದರಸ ಮಾಡುತ್ತವೆ. ಅದು ಸಣ್ಣ ಜೀವಿಗೆ, ಸಣ್ಣ ಜೀವಿಯಿಂದ ಬಂಗುಡೆಗೆ, ಬಂಗುಡೆ ತಿನ್ನುವ ದೊಡ್ಡ ಮೀನಿಗೆ, ಅದನ್ನೂ ನುಂಗುವ ಶಾರ್ಕಿಗೆ ಹೋಗುತ್ತದೆ. ಒಂದೊಂದು ಮೆಟ್ಟಿಲು ಹತ್ತಿದಂತೆ ಜಾಸ್ತಿಯಾಗುತ್ತದೆ. ಎಷ್ಟು ವರ್ಷ ಬದುಕಿದೆ, ಏನು ತಿಂದು ಬದುಕಿದೆ ಅನ್ನುವುದೇ ಲೆಕ್ಕ. ಬಂಗುಡೆ, ಬೂತಾಯಿ (ಸಾರ್ಡಿನ್) ಹೆಚ್ಚು ವರ್ಷ ಬದುಕುವ ಮೀನುಗಳಲ್ಲ, ಕೆಳಗಿನ ಮೆಟ್ಟಿಲಿನವು. ತಾಟೆ (ಶಾರ್ಕ್), ಕತ್ತಿಮೀನು ಮೇಲಿನ ಮೆಟ್ಟಿಲು.

ಈಗ ತಮಾಷೆ ನೋಡಿ. ನಮ್ಮ ಹೋಟೆಲುಗಳಲ್ಲಿ ಕಿಂಗ್ ಫಿಶ್ ಅಂತ ಬರೆಯುವುದು ಅಂಜಲ್‌ಗೆ. ಅಂಜಲ್ ಆ ಅಟ್ಲಾಂಟಿಕ್ ಮೀನಿನ ನಿಜವಾದ ದಾಯಾದಿ, ಒಂದೇ ಕುಲ. ಅದು ಬಂಗುಡೆ, ಬೂತಾಯಿಗಳನ್ನೇ ಅಟ್ಟಿಸಿಕೊಂಡು ಹೋಗಿ ತಿನ್ನುತ್ತದೆ. ಹತ್ತು-ಹದಿನೈದು ಕಿಲೋ ತೂಗುವ ಹಳೆಯ ಅಂಜಲ್‌ನ ದಪ್ಪ ತುಂಡನ್ನು ದಿನಾ ತಿನ್ನುವುದು ನನಗಂತೂ ಸರಿ ಕಾಣುವುದಿಲ್ಲ. ತಿಂಗಳಿಗೆ ಒಂದೆರಡು ಸಲ ಸಣ್ಣ ಅಂಜಲ್ ತಿಂದರೆ ಹೆದರಬೇಕಾದ್ದಿಲ್ಲ. ಅಂದರೆ ನೆಂಟರು ಬಂದಾಗ ನಾವು ಮರ್ಯಾದೆಗೆ ತರುವ ಮೀನಿಗೇ ಕೊಂಚ ಲೆಕ್ಕ ಬೇಕು. ನೆಂಟರು ಹೋದ ಮೇಲೆ ತಿನ್ನುವ ಬೂತಾಯಿಗೆ ಬೇಡ!

ಪಾದರಸ ಹೃದಯಕ್ಕೆ ಕೆಟ್ಟದ್ದಾ ಅನ್ನುವುದು ಇನ್ನೊಂದು ಪ್ರಶ್ನೆ. 1995ರಲ್ಲಿ ಫಿನ್ಲೆಂಡಿನ ಅಧ್ಯಯನದಲ್ಲಿ, ಕೂದಲಿನಲ್ಲಿ ಪಾದರಸ ಹೆಚ್ಚಿದ್ದ ಗಂಡಸರಿಗೆ ಹೃದಯಾಘಾತದ ಅಪಾಯ ಎರಡು ಪಟ್ಟು ಕಂಡಿತು. 2011ರಲ್ಲಿ ಅಮೆರಿಕದವರು ಕಾಲುಗುರಿನ ಪಾದರಸ ಅಳೆದು ನೋಡಿದರೆ ಅಂಥ ಸಂಬಂಧವೇ ಕಾಣಲಿಲ್ಲ. ಬೆಳೆಯುವ ಮೆದುಳಿಗೆ ಪಾದರಸ ಕೆಟ್ಟದ್ದು ಅನ್ನುವುದರಲ್ಲಿ ಮಾತ್ರ ಅನುಮಾನ ಇಲ್ಲ. ಹಾಗಾಗಿ ಬಸುರಿಯರು, ಸಣ್ಣ ಮಕ್ಕಳು ಇರುವ ಮನೆಗೆ ತಾಟೆ ತರಬೇಡಿ. 64 ವರ್ಷದ ತಂದೆಗೆ ಬಂಗುಡೆ ಬಂದ್ ಮಾಡಬೇಡಿ.

ತಂಗಿ ಪರವಾಗಿ ಒಬ್ಬಳು · ಬೆಳಿಗ್ಗೆ 8:05

ಒಪ್ಪಿದೆ ಸರ್. ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಬಂಗುಡೆ ಬಿಟ್ಟು ಅಂಜಲ್ ತರುತ್ತಿದ್ದೆವು, ಪಾದರಸಕ್ಕೆ ಹೆದರಿ. ಎಷ್ಟು ದುಡ್ಡು ಹೋಯಿತೋ.

ಗಂಗೊಳ್ಳಿ ಗೆಳೆಯ · ಬೆಳಿಗ್ಗೆ 8:11

😂😂

ಪುಳಿಮುಂಚಿ · ಬೆಳಿಗ್ಗೆ 11:30

ಎಲ್ಲರೂ ಯಾವ ಮೀನು ಅಂತ ಮಾತಾಡುತ್ತಿದ್ದೀರಿ. ಮೀನು ಬಾಣಲೆಗೆ ಹೋದ ಮೇಲೆ ಏನಾಗುತ್ತದೆ ಅನ್ನುವುದನ್ನು ನಾನು ಹೇಳುತ್ತೇನೆ. ಉಡುಪಿಯಲ್ಲಿ ಸಣ್ಣ ಊಟದ ಹೋಟೆಲ್ ನಡೆಸುತ್ತಿದ್ದೆ, ಹದಿನಾಲ್ಕು ವರ್ಷ.

ರವಾ ಫ್ರೈ ನೋಡಿ. ಮಸಾಲೆ ಮೆತ್ತಿದ ಮೀನನ್ನು ರವೆಯಲ್ಲಿ ಹೊರಳಿಸಿ ಎಣ್ಣೆಗೆ ಬಿಡುತ್ತೀರಿ. ಮೀನಿಗಿಂತ ಮೊದಲು ರವೆ ಎಣ್ಣೆ ಕುಡಿಯುತ್ತದೆ. ಕೈಯಲ್ಲಿ ಮುರಿದು ಪೇಪರ್ ಮೇಲೆ ಇಡಿ, ಎರಡು ನಿಮಿಷದಲ್ಲಿ ಪೇಪರಿನ ಆಚೆ ಬದಿಯ ಅಕ್ಷರ ಕಾಣುತ್ತದೆ. ಬೂತಾಯಿ, ಬಂಗುಡೆಗೆ ಇಷ್ಟು ಎಣ್ಣೆ ಬೇಕಾಗಿಯೇ ಇಲ್ಲ. ಮಳೆಗಾಲ ಕಳೆದ ಮೇಲೆ ಬರುವ ಬೂತಾಯಿಯನ್ನು ಬಿಸಿ ಕಾವಲಿ ಮೇಲೆ ಒಂದು ಚಮಚ ಎಣ್ಣೆ ಸವರಿ ಇಟ್ಟರೆ ಸಾಕು, ಮಗುಚುವ ಹೊತ್ತಿಗೆ ಅದರ ಕೊಬ್ಬೇ ಕರಗಿ ಅಂಚಿನಲ್ಲಿ ಚಿರ್ರ್ ಅನ್ನುತ್ತಿರುತ್ತದೆ. ನೀವು ಹಣ ಕೊಟ್ಟು ಡಬ್ಬಿಯಲ್ಲಿ ತರುವ ಎಣ್ಣೆ ಅದೇ.

ಇನ್ನು ಹೋಟೆಲ್ ಫ್ರೈ. ಬೆಳಿಗ್ಗೆ ಸುರಿದ ಎಣ್ಣೆ ರಾತ್ರಿವರೆಗೂ ಕುದಿಯುವ ಜಾಗಗಳಿವೆ. ಎಣ್ಣೆ ಕಪ್ಪಾಗಿ, ಮೇಲೆ ನೊರೆ ಬಂದು, ಹೊಗೆ ಬೇಗ ಏಳುತ್ತಿದ್ದರೆ ಎದ್ದು ಬನ್ನಿ. ನಾನೇ ಮೊದಲ ಎರಡು ವರ್ಷ ಎಣ್ಣೆ ಉಳಿಸುತ್ತಿದ್ದೆ, ಸುಳ್ಳು ಹೇಳುವುದಿಲ್ಲ.

ಅಮ್ಮನಿಗೆ ಹೇಳಿ, ಬೂತಾಯಿ ಪುಳಿಮುಂಚಿ ಮಾಡಲಿ. ಹುರಿದ ಬ್ಯಾಡಗಿ ಮೆಣಸು ಏಳೆಂಟು, ಕೊತ್ತಂಬರಿ ಎರಡು ಚಮಚ, ಜೀರಿಗೆ, ನಾಲ್ಕು ಕಾಳು ಮೆಂತೆ, ಬೆಳ್ಳುಳ್ಳಿ, ನಿಂಬೆಗಾತ್ರದ ಹುಣಸೆ. ನುಣ್ಣಗೆ ಅರೆಯಿರಿ. ಮಣ್ಣಿನ ಪಾತ್ರೆಯಲ್ಲಿ ಮಸಾಲೆ ಕುದಿ ಬಂದ ಮೇಲೆ ಶುಂಠಿ, ಸೀಳಿದ ಹಸಿಮೆಣಸು, ಆಮೇಲೆ ಮೀನು. ಸೌಟು ಹಾಕಬೇಡಿ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ. ತೆಂಗಿನಕಾಯಿ ಇಲ್ಲ, ಒಗ್ಗರಣೆ ಬೇಕಾಗಿಲ್ಲ. ಹುಳಿ-ಖಾರ ಜೋರಾಗಿದ್ದರೆ ಉಪ್ಪು ಕಡಿಮೆಯಾದದ್ದು ನಾಲಗೆಗೆ ಗೊತ್ತೇ ಆಗುವುದಿಲ್ಲ. ಮರುದಿನ ಗಂಜಿಗೆ ಇನ್ನೂ ರುಚಿ.

ಸೀರಂ ಅಕ್ಕ · ಮಧ್ಯಾಹ್ನ 1:15

ಪುಳಿಮುಂಚಿ ಅಣ್ಣ ಹೇಳಿದ್ದಕ್ಕೆ ಲೆಕ್ಕವೂ ಇದೆ. 2003ರಲ್ಲಿ ಅಮೆರಿಕದ ವಯಸ್ಸಾದವರ ಮೇಲಿನ ಅಧ್ಯಯನ ಬಂತು. ಬೇಯಿಸಿದ, ಸುಟ್ಟ ಮೀನು ತಿನ್ನುವವರಲ್ಲಿ ಹೃದಯಾಘಾತದ ಸಾವು ಕಡಿಮೆ. ಕರಿದ ಮೀನು, ಮೀನಿನ ಬರ್ಗರ್ ತಿನ್ನುವವರಲ್ಲಿ ಆ ಲಾಭ ಇಲ್ಲವೇ ಇಲ್ಲ.

ತೆಂಗಿನಕಾಯಿ ವಿಷಯಕ್ಕೆ ಕರಾವಳಿಯವರು ನನ್ನ ಮೇಲೆ ಮುಗಿಬೀಳುತ್ತಾರೆ ಅಂತ ಗೊತ್ತು. ತೆಂಗಿನ ಕೊಬ್ಬಿನ ಬಹುಪಾಲು ಸ್ಯಾಚುರೇಟೆಡ್, ಅಂದರೆ ರಕ್ತದ ಕೊಲೆಸ್ಟ್ರಾಲ್ ಏರಿಸುವ ಜಾತಿ. ಪೂರ್ತಿ ಬಿಡಿ ಅನ್ನುವುದಿಲ್ಲ. ನಾಲ್ಕು ಜನರ ಗಸಿಗೆ ಒಂದು ಕಾಯಿ ಹಾಕುವಲ್ಲಿ ಕಾಲು ಭಾಗ ಹಾಕಿ.

ಅಗಸೆ ಪುಡಿ · ಮಧ್ಯಾಹ್ನ 2:40

ನಾವು ಧಾರವಾಡ ಕಡೆಯವರು, ಮೀನು ಮುಟ್ಟದ ಮನೆ. ಅಗಸೆ ಚಟ್ನಿಪುಡಿಯಲ್ಲೂ ಒಮೆಗಾ-3 ಇದೆಯಲ್ಲ? ಮೀನೇ ಯಾಕೆ ಬೇಕು?

ಸೀರಂ ಅಕ್ಕ · ಮಧ್ಯಾಹ್ನ 3:05

ಇದೆ. ಆದರೆ ಅಗಸೆ, ವಾಲ್‌ನಟ್‌ನಲ್ಲಿರುವುದು ಬೇರೆ ಜಾತಿ. ಅದರಲ್ಲಿ ಸ್ವಲ್ಪವೇ ಸ್ವಲ್ಪ ಭಾಗವನ್ನು ದೇಹ ಮೀನಿನಲ್ಲಿರುವ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ. ಮೀನಿಗೂ ಅದು ಬರುವುದು ಸಮುದ್ರದ ಪಾಚಿಯಿಂದಲೇ, ಆ ಪಾಚಿಯ ಎಣ್ಣೆಯೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಆದರೂ ಅಗಸೆಯಲ್ಲಿ ನಾರು ಇದೆ, ನಿಮ್ಮ ಕಡೆ ಜೋಳದ ರೊಟ್ಟಿ, ಕಾಳು, ಸೊಪ್ಪು ಎಲ್ಲಾ ಇದೆ. ಮೀನು ತಿನ್ನದವರು ಹೃದಯಕ್ಕಾಗಿ ಮೀನು ಶುರು ಮಾಡಬೇಕು ಅಂತ ನಾನು ಯಾರಿಗೂ ಹೇಳಿಲ್ಲ.

ಎರಡು ಬೀಟ್ ಜಾಸ್ತಿ · ಸಂಜೆ 6:50

ಕ್ಯಾಪ್ಸೂಲ್ ವಿಷಯಕ್ಕೆ ಬರೆಯುತ್ತಿದ್ದೇನೆ. ನನಗೆ 58, ಬೆಂಗಳೂರು. ಯಾವ ಡಾಕ್ಟರೂ ಹೇಳದೆ, ಜಿಮ್ ಹುಡುಗನ ಮಾತು ಕೇಳಿ ದಿನಕ್ಕೆ ನಾಲ್ಕು ಮೀನೆಣ್ಣೆ ಕ್ಯಾಪ್ಸೂಲ್ ನುಂಗುತ್ತಿದ್ದೆ. ಒಂದು ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತಲ್ಲೇ ಎದೆಯೊಳಗೆ ಪಾರಿವಾಳ ರೆಕ್ಕೆ ಬಡಿದ ಹಾಗೆ ಆಯಿತು. ಇಸಿಜಿ ತೆಗೆದರೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಬಡಿತ ತಾಳ ತಪ್ಪುವುದು. ಕ್ಯಾಪ್ಸೂಲಿನಿಂದಲೇ ಬಂತು ಅಂತ ಯಾರೂ ಹೇಳಲಾರರು, ನನಗೆ ಬಿಪಿಯೂ ಇತ್ತು. ಆದರೆ ಡಾಕ್ಟರು ಕೇಳಿದ ಮೊದಲ ನಾಲ್ಕು ಪ್ರಶ್ನೆಗಳಲ್ಲಿ ಅದೂ ಒಂದು.

ಆಮೇಲೆ ಕೂತು ಓದಿದೆ. 2018ರಲ್ಲಿ ಎರಡು ದೊಡ್ಡ ಪ್ರಯೋಗ ಬಂದವು. ಒಂದರಲ್ಲಿ 25,871 ಜನ, ಇನ್ನೊಂದರಲ್ಲಿ ಸಕ್ಕರೆ ಕಾಯಿಲೆಯ 15,480 ಜನ. ದಿನಕ್ಕೆ ಒಂದು ಗ್ರಾಂ ಕ್ಯಾಪ್ಸೂಲ್. ಹೃದಯಾಘಾತ, ಪಾರ್ಶ್ವವಾಯು ಎಲ್ಲಾ ಸೇರಿಸಿ ನೋಡಿದರೆ ಎರಡರಲ್ಲೂ ಹೇಳಿಕೊಳ್ಳುವ ಲಾಭ ಇಲ್ಲ. ಮೊದಲನೆಯದರಲ್ಲಿ ಹೃದಯಾಘಾತ ಮಾತ್ರ ಲೆಕ್ಕ ಹಾಕಿದರೆ ಕಡಿಮೆ ಕಂಡಿತ್ತು, ಮೀನು ಅಪರೂಪಕ್ಕೆ ತಿನ್ನುವವರಿಗೆ ಸ್ವಲ್ಪ ಪ್ರಯೋಜನವೂ ಕಂಡಿತ್ತು. ಇದನ್ನು ಬಿಟ್ಟುಬಿಟ್ಟರೆ ನಾನೂ ಅರ್ಧ ಸತ್ಯ ಹೇಳಿದ ಹಾಗೆ.

ಅದೇ ವರ್ಷ ಇನ್ನೊಂದರಲ್ಲಿ, ಶುದ್ಧ ಮಾಡಿದ ಇಪಿಎ (ಮೀನೆಣ್ಣೆಯ ಒಂದು ಒಮೆಗಾ-3) ಔಷಧಿಯನ್ನು ದಿನಕ್ಕೆ ನಾಲ್ಕು ಗ್ರಾಂ ಕೊಟ್ಟಾಗ ಹೃದಯದ ಅಪಾಯ ಶೇ. 25ರಷ್ಟು ಇಳಿಯಿತು. ಟ್ರೈಗ್ಲಿಸರೈಡ್, ಅಂದರೆ ರಕ್ತದ ಒಂದು ಬಗೆಯ ಕೊಬ್ಬು, ಜಾಸ್ತಿ ಇರುವವರಿಗೆ. ಹೋಲಿಕೆಗೆ ಕೊಟ್ಟ ಮಿನರಲ್ ಎಣ್ಣೆಯೇ ಆ ಕಡೆಯವರಿಗೆ ಕೆಟ್ಟದ್ದು ಮಾಡಿರಬಹುದು ಅಂತ ದೊಡ್ಡ ವಾದ ನಡೆಯಿತು. 2020ರಲ್ಲಿ 13,078 ಜನರ ಮೇಲೆ ಇಪಿಎ ಮತ್ತು ಡಿಎಚ್‌ಎ (ಮೀನೆಣ್ಣೆಯ ಇನ್ನೊಂದು ಒಮೆಗಾ-3) ಸೇರಿಸಿ ದಿನಕ್ಕೆ ನಾಲ್ಕು ಗ್ರಾಂ ಕೊಟ್ಟು ನೋಡಿದರು. ಲಾಭ ಶೂನ್ಯ, ಏಟ್ರಿಯಲ್ ಫಿಬ್ರಿಲೇಷನ್ ಮಾತ್ರ ಹೋಲಿಕೆಯ ಗುಂಪಿನಲ್ಲಿ ಶೇ. 1.3, ಔಷಧಿ ತೆಗೆದುಕೊಂಡವರಲ್ಲಿ 2.2. ಔಷಧಿಯಾಗಿ ಟ್ರೈಗ್ಲಿಸರೈಡ್ ಇಳಿಸಲು ಡಾಕ್ಟರು ಬರೆದುಕೊಟ್ಟರೆ ಅದು ಬೇರೆ ಮಾತು. ದುಬೈ ಡಬ್ಬಿ ಬೇರೆ ಮಾತು.

ಡಬ್ಬಿಯ ಹಿಂದೆ ಸಣ್ಣ ಅಕ್ಷರ ಓದಿ. ಮುಂದೆ 1000 ಮಿ.ಗ್ರಾಂ ಅಂತ ದಪ್ಪಗೆ ಇರುತ್ತದೆ. ಹಿಂದೆ ಇಪಿಎ 180, ಡಿಎಚ್‌ಎ 120 ಅಂತ ಇರುವುದೇ ಜಾಸ್ತಿ. ಒಟ್ಟು 300. ಮಿಕ್ಕಿದ್ದು ಬೇರೆ ಕೊಬ್ಬು.

ಕೋಡಿ ಹುಡುಗ · ಸಂಜೆ 7:30

ಈಗಷ್ಟೇ ಡಬ್ಬಿ ತಿರುಗಿಸಿ ನೋಡಿದೆ. 180, 120. ಸರಿಯಾಗಿ ಅದೇ! ಭಾವನಿಗೆ ಏನು ಹೇಳುವುದು ಅಂತ ಯೋಚಿಸುತ್ತಿದ್ದೇನೆ.

ದುಬೈ ಭಾವ ಅಲ್ಲ · ಸಂಜೆ 7:52

ಗಲ್ಫ್‌ನಲ್ಲಿರುವ ಭಾವಂದಿರೆಲ್ಲರ ಪರವಾಗಿ ಕ್ಷಮೆ ಕೇಳುತ್ತೇನೆ. ಪ್ರೀತಿಯಿಂದ ಕಳಿಸಿರುತ್ತೇವೆ. ಡಬ್ಬಿಯ ಸಾರ್ಡಿನ್ ಕಳಿಸೋಣ ಅಂದರೆ ಅದರಲ್ಲಿ ಉಪ್ಪು.

ಒಣಮೀನು ಒಡೆಯ · ರಾತ್ರಿ 8:30

ಉಪ್ಪು ಅಂದಿರಲ್ಲ, ಅಲ್ಲಿಗೇ ಬಂದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ದೊಡ್ಡ ಬೋಟು ಇಳಿಯುವುದಿಲ್ಲ. ಆ 61 ದಿನ ನಮ್ಮ ಮನೆಗಳಲ್ಲಿ ಒಣಮೀನೇ ಗತಿ. ಉಪ್ಪು ಹಾಕಿ ಒಣಗಿಸಿದ ಬಂಗುಡೆ ಒಂದು ಚೂರು ಇದ್ದರೆ ಒಂದು ತಟ್ಟೆ ಗಂಜಿ ಹೋಗುತ್ತದೆ. ನನ್ನ ಬಿಪಿ ಪ್ರತಿ ವರ್ಷ ಮಳೆಗಾಲಕ್ಕೆ ಏರುತ್ತಿತ್ತು. ಹವೆ ಅಂದುಕೊಂಡಿದ್ದೆ. ಡಾಕ್ಟರು ಊಟ ಕೇಳಿದಾಗ ಗುಟ್ಟು ಗೊತ್ತಾಯಿತು. ದಿನಕ್ಕೆ ಒಟ್ಟು ಐದು ಗ್ರಾಂ ಉಪ್ಪು, ಒಂದು ಸಣ್ಣ ಚಮಚ, ಅಷ್ಟರಲ್ಲೇ ಮುಗಿಸಬೇಕಂತೆ. ಮಗಳು ಎಷ್ಟು ನೆನೆಸಿ ತೊಳೆದು ಕೊಟ್ಟರೂ ಪೂರ್ತಿ ಹೋಗುವುದಿಲ್ಲ. ಈಗ ಮಳೆಗಾಲದಲ್ಲಿ ಕೆರೆ ಮೀನು ತರುತ್ತೇವೆ. ಮಣ್ಣು ವಾಸನೆ. ಏನು ಮಾಡುವುದು.

ಹೊಸಪೇಟೆ ಕಾಟ್ಲಾ · ರಾತ್ರಿ 8:48

ಮಣ್ಣು ವಾಸನೆ ಅಂತ ಅನ್ನಬೇಡಿ ಅಣ್ಣಾವ್ರೇ, ನಮಗೆ ಅದೇ ಪಂಚಾಮೃತ! ಟಿಬಿ ಡ್ಯಾಮಿನ ಕಾಟ್ಲಾ, ರೋಹು ತಿಂದು ಬೆಳೆದವರು ನಾವು. ಇದರಲ್ಲಿ ಒಮೆಗಾ ಇದೆಯೋ ಇಲ್ಲವೋ?

ದಕ್ಕೆ ಮೇಷ್ಟ್ರು · ರಾತ್ರಿ 9:20

ಇದೆ, ಆದರೆ ಬೂತಾಯಿ, ಬಂಗುಡೆಯಷ್ಟಿಲ್ಲ. ಕೊಬ್ಬು ಕಡಿಮೆ ಇರುವ ಒಳ್ಳೆಯ ಮಾಂಸ. ಭಾನುವಾರದ ಮಟನ್ ಬದಲು ಕಾಟ್ಲಾ ಸಾರು ಮಾಡಿದರೆ ನಿಮ್ಮ ಹೃದಯ ಬೇಡ ಅನ್ನುವುದಿಲ್ಲ. ಮಣ್ಣು ವಾಸನೆಗೆ ಹುಣಸೆ ನೀರಲ್ಲಿ ತೊಳೆಯಿರಿ.

ಸಿಗಡಿ ಪ್ರಿಯೆ · ರಾತ್ರಿ 9:33

ಸಿಗಡಿ ಬಗ್ಗೆ ಯಾರೂ ಹೇಳಲಿಲ್ಲ. ಕೊಲೆಸ್ಟ್ರಾಲ್ ಅಂತ ಅತ್ತೆ ಕೊಡುವುದೇ ಇಲ್ಲ.

ಸೀರಂ ಅಕ್ಕ · ರಾತ್ರಿ 9:50

ಸಿಗಡಿಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ, ನಿಜ. ಆದರೆ ಸ್ಯಾಚುರೇಟೆಡ್ ಕೊಬ್ಬು ತುಂಬಾ ಕಡಿಮೆ, ರಕ್ತದ ಕೊಲೆಸ್ಟ್ರಾಲ್ ಹೆಚ್ಚು ಏರಿಸುವುದು ಅದೇ. ಯಾವಾಗಲಾದರೊಮ್ಮೆ ಸುಕ್ಕ ಮಾಡಿಕೊಂಡು ತಿನ್ನಿ. ತುಪ್ಪದಲ್ಲಿ ಮುಳುಗಿಸಿದ ಘೀ ರೋಸ್ಟ್ ಆದರೆ ಅತ್ತೆ ಹೇಳಿದ್ದೇ ಸರಿ.

ಕೋಡಿಯವರೇ, ಇನ್ನೊಂದು ಮರೆತಿದ್ದೆ. ತಂದೆಗೆ ಗೌಟ್ ಇದ್ದರೆ, ಅಂದರೆ ಕಾಲ ಹೆಬ್ಬೆರಳು ಊದಿ ಕೆಂಪಾಗುವ ಕಾಯಿಲೆ ಇದ್ದರೆ, ಬೂತಾಯಿ-ಬಂಗುಡೆ ಯೂರಿಕ್ ಆಸಿಡ್ ಏರಿಸುತ್ತವೆ. ಮೊದಲು ರಿಪೋರ್ಟ್ ನೋಡಿ. ಸ್ಟೆಂಟ್ ಆದವರಿಗೆ ರಕ್ತ ಗಟ್ಟಿಯಾಗದ ಹಾಗೆ ಮಾತ್ರೆ ಕೊಟ್ಟಿರುತ್ತಾರೆ. ಊಟದ ಮೀನಿನಿಂದ ಅದಕ್ಕೆ ತೊಂದರೆ ಇಲ್ಲ. ಕ್ಯಾಪ್ಸೂಲ್ ಕೊಡುವುದಾದರೆ ಮಾತ್ರ ಡಾಕ್ಟರಿಗೆ ಹೇಳದೆ ಕೊಡಬೇಡಿ.

ಕೆಂಪು ಮುಖ · ರಾತ್ರಿ 10:40

ಈ ಥ್ರೆಡ್ ನೋಡಿ ನನ್ನ ಕಥೆ ಹೇಳಲೇಬೇಕು ಅನ್ನಿಸಿತು. ಹೋದ ವರ್ಷ ಬೆಂಗಳೂರಲ್ಲಿ ಸಂಜೆ ಹೊತ್ತು ರಸ್ತೆ ಬದಿ ಬಂಗುಡೆ ತಂದೆ. ಮಂಜುಗಡ್ಡೆ ಕರಗಿ ಬರೀ ನೀರಿತ್ತು, ಕಡಿಮೆಗೆ ಕೊಟ್ಟ. ಸಾರು ಮಾಡಿದೆವು. ತಿನ್ನುವಾಗ ನಾಲಗೆ ಮೇಲೆ ಕಾಳುಮೆಣಸಿನ ಹಾಗೆ ಚುರುಚುರು. ಅರ್ಧ ಗಂಟೆಯಲ್ಲಿ ಮುಖ, ಕತ್ತು ಕೆಂಪು, ತಲೆನೋವು, ಎದೆ ಡವಡವ. ಹೆಂಡತಿ ಹಾರ್ಟ್ ಅಟ್ಯಾಕ್ ಅಂತ ಆಟೋ ಹತ್ತಿಸಿದಳು. ಇಸಿಜಿ ಸರಿ ಇತ್ತು. ಡ್ಯೂಟಿ ಡಾಕ್ಟರು ನನ್ನ ಮುಖ ನೋಡಿ, ಮೀನು ತಿಂದ್ರಾ ಅಂದರು!

ದಕ್ಕೆ ಮೇಷ್ಟ್ರು · ರಾತ್ರಿ 11:02

ಹಿಸ್ಟಮಿನ್. ಬಂಗುಡೆ, ಕೇದರ (ಟ್ಯೂನಾ), ಬೂತಾಯಿ ಜಾತಿಯ ಮೀನು ಹಿಡಿದ ಮೇಲೆ ಬಿಸಿಯಲ್ಲಿ ಉಳಿದರೆ ಬ್ಯಾಕ್ಟೀರಿಯಾ ಅದರ ಮಾಂಸದಲ್ಲಿ ಹಿಸ್ಟಮಿನ್ ಮಾಡುತ್ತವೆ. ಆಮೇಲೆ ಎಷ್ಟು ಕುದಿಸಿದರೂ, ಕರಿದರೂ, ಫ್ರಿಜ್ಜಿನಲ್ಲಿ ಇಟ್ಟರೂ ಅದು ಹೋಗುವುದಿಲ್ಲ. ಅಲರ್ಜಿ ಅಲ್ಲ, ಕೆಟ್ಟ ಮೀನು. ಅಲರ್ಜಿ ಮಾತ್ರೆಗೇ ಇಳಿಯುತ್ತದೆ ಅನ್ನುವುದು ಬೇರೆ. ಆದರೆ ಹೃದಯದ ಕಾಯಿಲೆ ಇರುವವರಿಗೆ ಎದೆ ಡವಡವ ಅಂದರೆ ಮೀನಿನ ಮೇಲೆ ಹಾಕಿ ಕೂರಬೇಡಿ. ನೀವು ಆಟೋ ಹತ್ತಿದ್ದೇ ಸರಿ.

ಬಂಗುಡೆ ಕೊಳ್ಳುವಾಗ ಬೆನ್ನ ಮೇಲೆ ಬೆರಳು ಒತ್ತಿ. ಗುಳಿ ಉಳಿದರೆ ಬೇಡ. ಕಿವಿರು ಎತ್ತಿ, ಕೆಂಪಿರಬೇಕು. ಕಣ್ಣು ಉಬ್ಬಿ ಹೊಳೆಯಬೇಕು. ಮೀನು ತಾಜಾ ಇದೆಯೋ ಅಂತ ಕೇಳಿದರೆ ಮಾರುವ ಅಕ್ಕ ಬೈಯುತ್ತಾಳೆ. ಬೈಸಿಕೊಳ್ಳಿ.

ಕೋಡಿ ಹುಡುಗ · ಮುಂದಿನ ಭಾನುವಾರ, ಮಧ್ಯಾಹ್ನ 3:15

ಎಲ್ಲರಿಗೂ ಥ್ಯಾಂಕ್ಸ್. ಶುಕ್ರವಾರ ಫಾಲೋಅಪ್ ಇತ್ತು. ರಿಪೋರ್ಟಿನಲ್ಲಿ ಯೂರಿಕ್ ಆಸಿಡ್, ಕಿಡ್ನಿ ಎರಡೂ ಸರಿ ಇವೆ. ನಿಮ್ಮೆಲ್ಲರ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಡಾಕ್ಟರು ಚೀಟಿ ಕೇಳಿ ತೆಗೆದುಕೊಂಡು ಪೂರಾ ಓದಿದರು. ವಾರಕ್ಕೆ ಮೂರು ದಿನ ಮೀನು ಸಾರು ಆಗಬಹುದು, ಕಾವಲಿಯಲ್ಲಿ ಸವರಿ ಬೇಯಿಸಿದ್ದು ಒಂದು ದಿನ, ಒಣಮೀನು ಬೇಡ, ಕ್ಯಾಪ್ಸೂಲ್ ಬೇಕಾಗಿಲ್ಲ ಅಂದರು. ಅಚ್ಚಾದ ಹಾಳೆ ತೋರಿಸಿದೆ. ಪೆನ್ನಿನಲ್ಲಿ ಮೀನು ಅಂತ ಬರೆದು ಪಕ್ಕಕ್ಕೆ ಸರಿ ಗುರುತು ಹಾಕಿಕೊಟ್ಟರು. ದೊಡ್ಡಮ್ಮನಿಗೆ ತೋರಿಸಲು ಇದೊಂದು ಬೇಕಿತ್ತು.

ಇವತ್ತು ಬೆಳಿಗ್ಗೆ ನಾನೇ ಮಾರ್ಕೆಟ್ಟಿಗೆ ಹೋದೆ. ಬೈಗೆ ರಾಶಿ ಬಿದ್ದಿತ್ತು. ಮಂಗಳೂರಿನವರ ಬೂತಾಯಿ, ಕಾರವಾರದವರ ತಾರ್ಲೆ ನಮಗೆ ಬೈಗೆ. ಮೇಷ್ಟ್ರು ಹೇಳಿದ ಹಾಗೆ ಕಿವಿರು ಎತ್ತಿ ನೋಡಿದೆ, ಬೈಸಿಕೊಂಡೆ. ಒಂದು ಕೆ.ಜಿ. ತಂದೆ. ಅಮ್ಮ ಪುಳಿಮುಂಚಿ ಮಾಡಿದರು, ಆದರೆ ಕಾಯಿ ಹಾಕದೆ ಕೈ ಬರುವುದಿಲ್ಲ ಅಂತ ಎರಡು ಚಮಚ ಹಾಕಿಯೇ ಬಿಟ್ಟರು. ಪುಳಿಮುಂಚಿ ಅಣ್ಣ ಕ್ಷಮಿಸಬೇಕು.

ಅಪ್ಪ ಮಾತಾಡದೆ ಉಂಡರು. ಮುಳ್ಳೆಲ್ಲಾ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟರು. ನಾನು ಎಣಿಸಿದೆ, ಆರು ಮೀನು. ಕೈ ತೊಳೆದು ಬಂದು ಕೂತು, “ಉಪ್ಪು ಸಾಕಾಯ್ಲಿಲ್ಲೆ” ಅಂದರು. ಒಂದು ನಿಮಿಷ ಬಿಟ್ಟು, “ಬುಧವಾರ ಬಂಗ್ಡಿ ತಾ” ಅಂದರು.

ಕ್ಯಾಪ್ಸೂಲ್ ಡಬ್ಬಿ ಫ್ರಿಜ್ಜಿನ ಮೇಲಿದೆ. ಭಾವ ಮುಂದಿನ ತಿಂಗಳು ರಜೆಗೆ ಬರುತ್ತಾರೆ. ಅಷ್ಟರೊಳಗೆ ಏನು ಹೇಳುವುದು ಅಂತ ಯಾರಾದರೂ ಐಡಿಯಾ ಕೊಡಿ.

ದುಬೈ ಭಾವ ಅಲ್ಲ · ಮಧ್ಯಾಹ್ನ 3:21

ಅವರಿಗೂ ಅದೇ ಪುಳಿಮುಂಚಿ ಬಡಿಸಿ. ಇಲ್ಲಿ ಒಂದು ವರ್ಷದಿಂದ ಫ್ರೋಜನ್ ಬಂಗುಡೆ ತಿಂದಿರುತ್ತಾರೆ ಪಾಪ, ಡಬ್ಬಿ ನೆನಪೇ ಆಗುವುದಿಲ್ಲ.